ಹದಿನೇಳನೇ ನಂಬರಿನ ಜಾಯಿಂಟುಗಳು

ಎಂಟು ವರ್ಷದ ಹಿಂದೆ ಮೇಸ್ತ್ರಿ ನನಗೊಂದು ಮಾತು ಕೊಟ್ಟ. ನಾನು ಈ ದೇಶಕ್ಕೆ ಬಂದು ಹನ್ನೊಂದು ದಿನವಾಗಿತ್ತು. ಗಂಡ ತೀರಿಕೊಂಡು ಒಂದು ವರ್ಷ. ಮಗಳಿಗೆ ಐದು. ಬಿಟ್ಟುಬರಲು ಜಾಗವಿಲ್ಲದೆ ಅವಳನ್ನೂ ಕೆಲಸದ ಶೆಡ್ಡಿಗೆ ಕರೆದುಕೊಂಡು ಹೋಗಿದ್ದೆ. ಅವಳು ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು.

"ಒಂದೇ ಒಂದು ವರ್ಷ ತಾಳ್ಕೋ ತಂಗಿ," ಅಂದ ಮೇಸ್ತ್ರಿ. "ಈಗ ನನ್ನ ನಂಬರಿನ ಮೇಲೆ ಕೆಲಸ ಮಾಡು. ವರ್ಷ ತುಂಬಿದ ಮೇಲೆ ನೀನು ಮಾಡಿದ್ದಕ್ಕೆಲ್ಲ ನಾನೇ ಕಾಗದ ಬರೆದುಕೊಡ್ತೀನಿ. ನಿನಗೆ ನಿನ್ನದೇ ನಂಬರು ಬರುತ್ತೆ. ಈ ಮಗು ಮುಂದೆ ಹೇಳ್ತಿದೀನಿ."

ಅವನು ನಮ್ಮ ದೇಶದವನೇ. ನಮ್ಮ ಮಾತೇ ಆಡುವವನು. ನಂಬಿದೆ.

ನಂಬರು ಅಂದರೆ ಏನು ಅಂತ ಮೊದಲು ಹೇಳಬೇಕು. ಹಬೆ ಹರಿಯುವ ಪೈಪನ್ನು ಕಂಡಕಂಡವರು ವೆಲ್ಡಿಂಗ್ ಮಾಡುವ ಹಾಗಿಲ್ಲ. ಪರೀಕ್ಷೆ ಪಾಸಾಗಬೇಕು. ಪಾಸಾದ ವೆಲ್ಡರಿಗೆ ಒಂದು ನಂಬರು ಕೊಡುತ್ತಾರೆ. ಒಂದೊಂದು ಜಾಯಿಂಟು ಮುಗಿದಾಗಲೂ ಅದರ ಪಕ್ಕದಲ್ಲೇ, ಪೈಪಿನ ಮೇಲೆ, ಉಕ್ಕಿನ ಪಂಚು ಇಟ್ಟು ಸುತ್ತಿಗೆಯಿಂದ ಆ ನಂಬರು ಹೊಡೆಯಬೇಕು. ಹತ್ತು ವರ್ಷ ಬಿಟ್ಟು ಆ ಜಾಯಿಂಟು ಒಡೆದು ಯಾರದಾದರೂ ಮುಖ ಬೆಂದರೆ ಮಾಡಿದವರು ಯಾರು ಅಂತ ಪೈಪೇ ಹೇಳುತ್ತದೆ.

ನಮ್ಮ ದೇಶದಲ್ಲಿ ನನ್ನ ನಂಬರು ನಲವತ್ತೊಂದು. ಮೂರು ಪರೀಕ್ಷೆ ಬರೆದಿದ್ದೆ, ಬರೆದಿದ್ದೆ ಅಂದರೆ ಪೆನ್ನಿನಲ್ಲಲ್ಲ, ಬೆಂಕಿಯಲ್ಲಿ. ನಾನು ಮಾಡಿದ ಜಾಯಿಂಟುಗಳನ್ನು ಎಕ್ಸ್‌ರೇ ತೆಗೆದು ನೋಡಿದ್ದರು. ಕೂದಲೆಳೆಯಷ್ಟು ಬಿರುಕಿರಲಿಲ್ಲ. ಆ ಬ್ಯಾಚಿನಲ್ಲಿ ಮೂವತ್ತೆರಡು ಗಂಡಸರು, ನಾನೊಬ್ಬಳು ಹೆಂಗಸು. ಪಾಸಾದವರು ಒಂಬತ್ತು ಜನ.

ಇಲ್ಲಿ ಆ ಸರ್ಟಿಫಿಕೇಟನ್ನು ಒಬ್ಬ ಗುಮಾಸ್ತ ಎರಡು ಬೆರಳಲ್ಲಿ ಎತ್ತಿ ನೋಡಿ ವಾಪಸು ಕೊಟ್ಟ. ಇದು ಇಲ್ಲಿ ನಡೆಯಲ್ಲ ಅಂದ. ಅಷ್ಟೇ. ನನಗೆ ಹೆಲ್ಪರ್ ಅಂತ ಬರೆದ ಹಳದಿ ಹೆಲ್ಮೆಟ್ಟು ಕೊಟ್ಟರು. ವೆಲ್ಡರುಗಳಿಗೆ ಬಿಳಿ.

ಹಳದಿ ಹೆಲ್ಮೆಟ್ಟು ಹಾಕಿಕೊಂಡೇ ನಾನು ವೆಲ್ಡಿಂಗ್ ಮಾಡಿದೆ. ಮೊದಲ ದಿನದಿಂದಲೇ ಮಾಡಿದೆ. ಮೇಸ್ತ್ರಿಯ ಕಣ್ಣು ಆಗಲೇ ಹೋಗಿತ್ತು. ಇಪ್ಪತ್ತೈದು ವರ್ಷದ ಬೆಳಕು ತಿಂದ ಕಣ್ಣು. ಕೈ ನಡುಗುತ್ತಿತ್ತು. ಅವನಲ್ಲಿ ಉಳಿದಿದ್ದು ಜೇಬಿನಲ್ಲಿದ್ದ ಎರಡು ಪಂಚು, ಒಂದು ಮತ್ತು ಏಳು. ನಾನು ಬೆಂಕಿ ಹಚ್ಚುತ್ತಿದ್ದೆ. ಅವನು ಹದಿನೇಳು ಹೊಡೆಯುತ್ತಿದ್ದ.

ಬಾಯ್ಲರಿನ ಒಳಗೆ ಹೋಗುವ ದಾರಿ ಒಂದು ದೊಡ್ಡ ತಟ್ಟೆಯಷ್ಟು ಅಗಲ. ಮೊದಲು ಕೈ, ಆಮೇಲೆ ತಲೆ, ಆಮೇಲೆ ಉಸಿರು ಬಿಟ್ಟು ಎದೆ. ಒಳಗೆ ಟ್ಯೂಬುಗಳ ಸಂದಿಯಲ್ಲಿ ಬೆನ್ನ ಮೇಲೆ ಮಲಗಬೇಕು. ಕಾಣದ ಕಡೆ ಒಂದು ಪುಟ್ಟ ಕನ್ನಡಿ ಕಟ್ಟಿ, ಕನ್ನಡಿಯಲ್ಲಿ ನೋಡಿಕೊಂಡು ಕೈ ಆಡಿಸಬೇಕು. ಕರಗಿದ ಕಬ್ಬಿಣದ ಹನಿ ಕುತ್ತಿಗೆಗೆ ಬೀಳುತ್ತದೆ. ಕೈ ಅಲುಗಿಸುವ ಹಾಗಿಲ್ಲ. ಅಲುಗಿಸಿದರೆ ಜಾಯಿಂಟು ಹೋಯಿತು. ಚರ್ಮ ಸುಡುವ ವಾಸನೆ ಬರುತ್ತದೆ, ಅದು ನಮ್ಮದೇ ಚರ್ಮ ಅಂತ ಗೊತ್ತಿರುತ್ತದೆ, ಕೈ ಮಾತ್ರ ನಿಧಾನವಾಗಿ ಮುಂದಕ್ಕೆ ಹೋಗುತ್ತಿರಬೇಕು. ನನ್ನ ಬಲಗಿವಿಯೊಳಗೆ ಒಂದು ಸಲ ಕಿಡಿ ಹೋಯಿತು. ಆ ಕಿವಿ ಈಗ ಅರ್ಧ ಕೇಳುತ್ತದೆ. ಆ ಜಾಯಿಂಟು ಈಗಲೂ ಪೂರ್ತಿ ಹಿಡಿದಿದೆ. ಅದರ ಮೇಲೂ ಹದಿನೇಳು.

ತಪಾಸಣೆಯವನು ತಿಂಗಳಿಗೊಮ್ಮೆ ಬರುತ್ತಿದ್ದ. ಅವನ ಕಾರು ಗೇಟಿಗೆ ಬಂದ ಕೂಡಲೇ ಯಾರೋ ಸೀಟಿ ಹೊಡೆಯುತ್ತಿದ್ದರು. ನಾನು ಹೊರಗೆ ತೆವಳಿಕೊಂಡು ಬರಬೇಕು. ಮುಖಕ್ಕೆ ಹಾಕಿದ ಮಾಸ್ಕ್ ತೆಗೆದು ಮೇಸ್ತ್ರಿಗೆ ಕೊಡಬೇಕು. ನನ್ನ ಬೆವರಿನಿಂದ ಒದ್ದೆಯಾದ, ಇನ್ನೂ ಬಿಸಿ ಇರುವ ಮಾಸ್ಕನ್ನು ಅವನು ತಲೆಗೆ ಏರಿಸಿಕೊಂಡು ಕೂರುತ್ತಿದ್ದ. ನನ್ನ ಕೈಗೆ ಪೊರಕೆ ಬರುತ್ತಿತ್ತು. ತಪಾಸಣೆಯವನು ಜಾಯಿಂಟಿನ ಮೇಲೆ ಟಾರ್ಚ್ ಬಿಟ್ಟು "ಒಳ್ಳೇ ಕೆಲಸ" ಅಂತ ಮೇಸ್ತ್ರಿಯ ಭುಜ ತಟ್ಟುವಾಗ ನಾನು ಅವರಿಬ್ಬರ ಕಾಲ ಬುಡದಲ್ಲಿ ಕಸ ಗುಡಿಸುತ್ತಿದ್ದೆ. ಕಸವೇ ಇಲ್ಲದ ನೆಲ. ಎಂಟು ವರ್ಷ ಗುಡಿಸಿದೆ.

ನನ್ನ ಹಾಗೆ ಇನ್ನೊಬ್ಬನಿದ್ದ. ಜಾಯಿಂಟಿನ ಅಂಚು ಉಜ್ಜುವ ಗ್ರೈಂಡರ್ ಕೆಲಸ ಅವನದು. ಅವನೂ ನಮ್ಮ ಕಡೆಯವನು. ಅಲ್ಲಿ ಹಲ್ಲಿನ ಡಾಕ್ಟ್ರಾಗಿದ್ದ, ಬೋರ್ಡು ಹಾಕಿದ ಸ್ವಂತ ಕ್ಲಿನಿಕ್ಕಿತ್ತು. ಅವನ ಸರ್ಟಿಫಿಕೇಟೂ ಅದೇ ಗುಮಾಸ್ತನ ಎರಡು ಬೆರಳಿಗೆ ಸಿಕ್ಕಿತ್ತು. ಎಲ್ಲರೂ ಅವನನ್ನು ಡಾಕ್ಟ್ರೇ ಅಂತಲೇ ಕರೆಯುತ್ತಿದ್ದರು, ಗೇಲಿಗೆ.

"ಏನೂ ವ್ಯತ್ಯಾಸ ಇಲ್ಲ ಅಕ್ಕ," ಅನ್ನುತ್ತಿದ್ದ. "ಅಲ್ಲಿ ಸಣ್ಣ ಮಷೀನು, ಇಲ್ಲಿ ದೊಡ್ಡದು. ಅಲ್ಲಿ ಕಿರುಚೋರು, ಇಲ್ಲಿ ಪೈಪು ಸುಮ್ಮನೆ ಬಾಯಿ ತೆಕ್ಕೊಂಡು ಮಲಗಿರುತ್ತೆ. ಇದೇ ವಾಸಿ."

ಒಂದು ವರ್ಷ ಹೋಗಿ ಎರಡಾಯಿತು, ನಾಲ್ಕಾಯಿತು. ಕೇಳಿದಾಗಲೆಲ್ಲ ಮೇಸ್ತ್ರಿ "ಮುಂದಿನ ವರ್ಷ ತಂಗಿ, ಕಾನೂನು ಬದಲಾಗ್ತಾ ಇದೆ" ಅನ್ನುತ್ತಿದ್ದ.

ಕಾನೂನು ನಿಜಕ್ಕೂ ಬದಲಾಯಿತು. ಈ ವರ್ಷ ಎರಡೂ ದೇಶದ ಮಂತ್ರಿಗಳು ಕೈ ಕುಲುಕಿದರು. ಅಲ್ಲಿನ ಸರ್ಟಿಫಿಕೇಟು ಇಲ್ಲಿ ನಡೆಯುತ್ತದೆ, ಇಲ್ಲಿನದು ಅಲ್ಲಿ ನಡೆಯುತ್ತದೆ ಅಂತ ಒಪ್ಪಂದ. ಮಗಳು ಫೋನಿನಲ್ಲಿ ಓದಿ ಹೇಳಿದಳು. ಅವಳಿಗೀಗ ಹದಿಮೂರು.

"ಅಮ್ಮ, ವೆಲ್ಡರ್ ಅಂತ ಇದೆ! ಪಟ್ಟಿಯಲ್ಲಿ ಆರನೇದು! ನೋಡಿಲ್ಲಿ!"

ಮಾರನೇ ದಿನ ಡಾಕ್ಟ್ರಿಗೆ ಹೇಳಿದೆ. ಹಲ್ಲಿನ ಡಾಕ್ಟ್ರು ಪಟ್ಟಿಯಲ್ಲಿರಲಿಲ್ಲ.

"ಇರಲಿ ಬಿಡಕ್ಕ. ನೀನಾದರೂ ಬಿಳಿ ಟೋಪಿ ಹಾಕ್ಕೋ. ಅದನ್ನ ನೋಡಿ ನಗೋಕೆ ನನ್ನ ಬಾಯಲ್ಲಿ ಇನ್ನೂ ಹಲ್ಲಿದೆ."

ಅರ್ಧ ದಿನ ರಜೆ ಹಾಕಿ ಮಗಳನ್ನು ಕರೆದುಕೊಂಡು, ವೆಲ್ಡರುಗಳಿಗೆ ನಂಬರು ಕೊಡುವ ಮಂಡಳಿಯ ಕಚೇರಿಗೆ ಹೋದೆ. ಕೆಲಸದ ಮಾತು ಈ ಭಾಷೆಯಲ್ಲಿ ನನಗೆ ಬರುತ್ತದೆ, ಕಚೇರಿಯ ಮಾತು ಬರುವುದಿಲ್ಲ. ಗಾಜಿನ ಹಿಂದೆ ಒಬ್ಬಳು ಅಧಿಕಾರಿಣಿ. ನನ್ನ ಸರ್ಟಿಫಿಕೇಟು ನೋಡಿದಳು. ಈ ಸಲ ಐದೂ ಬೆರಳಲ್ಲಿ ಹಿಡಿದಳು. ಅವಳು ಏನೋ ಕೇಳಿದಳು. ಮಗಳು ನನ್ನ ಕಡೆ ತಿರುಗಿದಳು.

"ಸರ್ಟಿಫಿಕೇಟು ಸರಿ ಇದೆಯಂತೆ. ಆದರೆ ವೆಲ್ಡರು ಆರು ತಿಂಗಳು ಕೆಲಸ ಬಿಟ್ಟರೆ ಅದು ಸತ್ತುಹೋಗುತ್ತಂತೆ. ಎಂಟು ವರ್ಷದಿಂದ ನೀನು ಏನು ಮಾಡ್ತಿದ್ದೆ ಅಂತ ಕೇಳ್ತಿದಾರೆ."

"ವೆಲ್ಡಿಂಗ್ ಮಾಡ್ತಿದ್ದೆ ಅನ್ನು."

ಅಧಿಕಾರಿಣಿ ಕಂಪ್ಯೂಟರಿನಲ್ಲಿ ನೋಡಿದಳು. ತಲೆ ಅಲ್ಲಾಡಿಸಿದಳು. ಮಗಳ ದನಿ ಸಣ್ಣದಾಯಿತು.

"ಅಲ್ಲಿ ಹೆಲ್ಪರ್ ಅಂತ ಇದೆಯಂತೆ ಅಮ್ಮ. ಕ್ಲೀನಿಂಗ್ ಅಂತಲೂ ಇದೆಯಂತೆ. ನಿನ್ನ ಹೆಸರಲ್ಲಿ ಒಂದು ಜಾಯಿಂಟೂ ಇಲ್ವಂತೆ. ಆರು ತಿಂಗಳಲ್ಲಿ ಕೈ ಕಸುಬು ಮರೆತುಬಿಡುತ್ತೆ, ಅದಕ್ಕೇ ಈ ನಿಯಮ ಅಂತೆ."

ನಾನು ನನ್ನ ಎಡಗೈ ಗಾಜಿಗೆ ಒತ್ತಿ ಹಿಡಿದೆ. ಹಿಂದಿನ ದಿನದ ಸುಟ್ಟ ಗುಳ್ಳೆ ಇನ್ನೂ ಒಡೆದಿರಲಿಲ್ಲ. "ಇದು ಕಸ ಗುಡಿಸಿ ಬಂದಿದ್ದಾ ಅಂತ ಕೇಳು," ಅಂದೆ.

ಮಗಳು ಕೇಳಿದಳು. ಅಧಿಕಾರಿಣಿ ಕೈ ನೋಡಲಿಲ್ಲ, ಗಾಜಿನ ಮೇಲಾದ ಗುರುತು ನೋಡಿದಳು. ನಿನ್ನ ಕೆಲಸ ನೋಡಿಕೊಂಡ ವೆಲ್ಡರು ಬರೆದು ಸಹಿ ಹಾಕಿದ ಕಾಗದ ತಾ ಅಂದಳು. ನೀನೇ ಮಾಡಿದ ಜಾಯಿಂಟುಗಳ ಲೆಕ್ಕ ಅದರಲ್ಲಿರಬೇಕು. ಈ ತಿಂಗಳ ಮೂವತ್ತನೇ ತಾರೀಕು ಕಡೇ ದಿನ. ಆ ದಿನ ದಾಟಿದರೆ ಹಳೇ ಸರ್ಟಿಫಿಕೇಟುಗಳನ್ನು ಮುಟ್ಟುವುದಿಲ್ಲ.

ಅವರ ದೇಶದ ಎಂಜಿನಿಯರು ನಮ್ಮಲ್ಲಿಗೂ ಬರುತ್ತಿದ್ದ. ನಾನು ಕಣ್ಣಾರೆ ಕಂಡಿದ್ದೇನೆ. ವಿಮಾನ ಇಳಿದ ದಿನವೇ ಬಿಳಿ ಹೆಲ್ಮೆಟ್ಟು, ಕುರ್ಚಿ, ಕುಡಿಯುವ ನೀರಿಗೊಬ್ಬ ಆಳು. ನಿನ್ನ ಆರು ತಿಂಗಳು ಎಲ್ಲಿ ಅಂತ ಅವನನ್ನು ಯಾರು ಕೇಳಿದರು?

ಮಾರನೇ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ಮೇಸ್ತ್ರಿ ಊಟದ ಡಬ್ಬಿ ತೆಗೆಯುತ್ತಿದ್ದ. ಎದುರು ಕೂತೆ.

"ಅಣ್ಣ, ಕಾಗದ ಬೇಕು. ಮೂವತ್ತರ ಒಳಗೆ."

ಅವನಿಗೆ ಮೊದಲೇ ಗೊತ್ತಿತ್ತು. ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇದ್ದ.

"ತಲೆ ಕೆಟ್ಟಿದೆಯಾ ತಂಗಿ? ನೀನು ಮಾಡಿದೆ ಅಂತ ನಾನು ಬರೆದರೆ, ನಾನೇನು ಮಾಡ್ತಿದ್ದೆ ಅಂತ ಕೇಳಲ್ವಾ ಅವರು?"

"ಕೇಳ್ತಾರೆ."

"ನನ್ನ ನಂಬರು ಕಿತ್ಕೋತಾರೆ. ಇನ್ನೆರಡು ವರ್ಷ ತಾಳು. ನಾನು ರಿಟೈರ್ ಆಗ್ತೀನಿ. ಆಮೇಲೆ ಎಷ್ಟು ಬೇಕೋ ಬರ್ಕೊಡ್ತೀನಿ."

"ಎರಡು ವರ್ಷ ಬಿಟ್ಟು ಯಾರಿಗೆ ಕೊಡಲಿ? ನನ್ನ ತಿಥಿಗೆ ಓದಿಸ್ತೀಯಾ?"

"ನೀನೇನು ಆಕಾಶದಿಂದ ಇಳಿದು ಬಂದವಳಾ?" ಅವನ ದನಿ ಏರಿತು. "ನಾನೂ ಐದು ವರ್ಷ ಇನ್ನೊಬ್ಬನ ನಂಬರಿನ ಕೆಳಗೆ ಸತ್ತಿದೀನಿ. ಬಾಯಿ ಮುಚ್ಕೊಂಡು ಸತ್ತಿದೀನಿ."

"ನೀನು ಸತ್ತೆ ಅಂತ ನಾನೂ ಸಾಯಬೇಕಾ ಅಣ್ಣ?"

ಅವನು ತುತ್ತು ಬಾಯಿಗಿಟ್ಟುಕೊಂಡ. ಮಾತು ಮುಗಿಯಿತು ಅಂತ ಅರ್ಥ.

ಆ ವಾರವೇ ಕಾರ್ಖಾನೆ ನಿಲ್ಲಿಸಿ ರಿಪೇರಿ ಶುರುವಾಯಿತು. ಬಾಯ್ಲರು ತಣ್ಣಗಾಗಿತ್ತು. ಬುಧವಾರ ಹಬೆ ಏರಲೇಬೇಕು ಅಂತ ಮ್ಯಾನೇಜರ್ ಓಡಾಡುತ್ತಿದ್ದ. ಉಳಿದದ್ದು ಒಂದೇ ಜಾಯಿಂಟು, ಮುಖ್ಯ ಹಬೆಯ ಪೈಪು ಗೋಡೆಗೆ ಆತುಕೊಂಡು ನೆಟ್ಟಗೆ ಮೇಲೇಳುವ ಮೂಲೆಯಲ್ಲಿ. ಬಲಗೈಯವರ ಮೊಣಕೈ ಅಲ್ಲಿ ಗೋಡೆಗೆ ತಾಗುತ್ತದೆ. ಎಡಗೈಯವರಿಗೆ ಮಾತ್ರ ಅದು ಎಟುಕುತ್ತದೆ. ನಾನು ಎಡಗೈಯವಳು.

ಮಂಗಳವಾರ ಬೆಳಿಗ್ಗೆ ಏಣಿ ಹತ್ತಿ ಆ ಮೂಲೆಗೆ ಹೋದೆ. ಮೂರು ಗಂಟೆ ಒಂದೇ ಮಂಡಿಯ ಮೇಲೆ ಕೂತೆ. ಕಾಲು ಜೋಮು ಹಿಡಿದು ನನ್ನದಲ್ಲದಂತಾಯಿತು. ಬೆವರು ಕಣ್ಣಿಗಿಳಿಯಿತು. ಒರೆಸಲಿಲ್ಲ. ನನ್ನ ಜನ್ಮದಲ್ಲೇ ಅಂಥ ಜಾಯಿಂಟು ಮಾಡಿರಲಿಲ್ಲ. ಮುಗಿಸಿ ಮಾಸ್ಕ್ ಎತ್ತಿದಾಗ ಲೋಹ ಇನ್ನೂ ಕೆಂಪಗಿತ್ತು. ಅದು ಕಪ್ಪಾಗುವವರೆಗೂ ಅಲ್ಲೇ ಕೂತೆ.

ಮೇಸ್ತ್ರಿ ಕೆಳಗೆ ಕಾಯುತ್ತಿದ್ದ. ಪಂಚು ಹೊಡೆಯಲು ಅವನು ಏಣಿ ಹತ್ತಿ ಬರಬೇಕು, ಅವನ ಮಂಡಿಗೆ ಹೊತ್ತು ಬೇಕು. ಮನೆಯ ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿಟ್ಟಿದ್ದ ನನ್ನ ಪಂಚುಗಳನ್ನು ಆ ದಿನ ಬೆಳಿಗ್ಗೆಯೇ ಜೇಬಿಗೆ ಹಾಕಿಕೊಂಡಿದ್ದೆ. ನಾಲ್ಕು ಇಟ್ಟು ಒಂದೇಟು. ಒಂದು ಇಟ್ಟು ಒಂದೇಟು. ಸದ್ದು ಇಡೀ ಪೈಪಿನಗುಂಟ ಓಡಿತು.

ಅಷ್ಟರಲ್ಲಿ ಸೀಟಿ ಕೇಳಿಸಿತು. ತಪಾಸಣೆಯವನು.

ಇಳಿದು ಬಂದೆ. ಯಾರೋ ಪೊರಕೆ ಚಾಚಿದರು. ತೆಗೆದುಕೊಳ್ಳಲಿಲ್ಲ. ಮೇಸ್ತ್ರಿ ಮಾಸ್ಕಿಗೆ ಕೈ ಚಾಚಿದ. ಕೊಡಲಿಲ್ಲ. ಹಳದಿ ಹೆಲ್ಮೆಟ್ಟಿನಲ್ಲಿ, ಮಾಸ್ಕ್ ಕಂಕುಳಲ್ಲಿಟ್ಟುಕೊಂಡು, ಏಣಿಯ ಬುಡದಲ್ಲೇ ನಿಂತೆ.

ತಪಾಸಣೆಯವನು ಮೇಲೆ ಹತ್ತಿ ನೋಡಿದ. ಪುಸ್ತಕದಲ್ಲಿ ಬರೆದುಕೊಂಡ. ಕೆಳಗೆ ಬಗ್ಗಿ ಕೇಳಿದ: "ನಲವತ್ತೊಂದು ಯಾರು?"

"ನಾನು," ಅಂದೆ, ಅವರ ಭಾಷೆಯಲ್ಲಿ. ಆ ಮಾತಿಗೆ ಮಗಳು ಬೇಕಾಗಿರಲಿಲ್ಲ.

ಮಧ್ಯಾಹ್ನ ಎಕ್ಸ್‌ರೇ ಫಿಲ್ಮು ಬಂತು. ತಪಾಸಣೆಯವನು ಅದನ್ನು ಬೆಳಕಿಗೆ ಹಿಡಿದ. ಬಿರುಕಿಲ್ಲ, ಗುಳ್ಳೆಯಿಲ್ಲ. ಬಿಳಿಯ ಒಂದು ಪಟ್ಟಿ, ಇಸ್ತ್ರಿ ಮಾಡಿದ ಹಾಗೆ.

ನಾನು ಅವನನ್ನು ಹಳೆಯ ಪೈಪೊಂದರ ಹತ್ತಿರ ಕರೆದೆ. ಹದಿನೇಳು ಅಂತ ಹೊಡೆದ ಜಾಯಿಂಟು. ವೆಲ್ಡಿಂಗಿನ ಅಲೆಗಳು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂರುತ್ತವೆ. ಕೈ ಯಾವ ಕಡೆ ಸಾಗಿತು ಅಂತ ಹುರುಪೆಯೇ ತೋರಿಸುತ್ತದೆ. ಮೇಸ್ತ್ರಿ ಬಲಗೈಯವನು, ಅವನ ಅಲೆ ಬಲದಿಂದ ಎಡಕ್ಕೆ ಹೋಗಬೇಕು. ಈ ಜಾಯಿಂಟಿನ ಅಲೆ ಎಡದಿಂದ ಬಲಕ್ಕೆ. ಪಕ್ಕದ್ದೂ ಹಾಗೇ. ಅದರಾಚೆಯದೂ ಹಾಗೇ. ಎಂಟು ವರ್ಷದ ಪೈಪುಗಳು, ಎಲ್ಲವೂ ಎಡಗೈ.

"ಮುಟ್ಟಿ ನೋಡಿ," ಅಂದೆ.

ಅವನು ಹೆಬ್ಬೆರಳಿನಿಂದ ಸವರಿದ. ಯಾರಿಗೂ ಕೇಳದ ಹಾಗೆ ಹೇಳಿದ: "ನನಗೆ ನಾಲ್ಕು ವರ್ಷದಿಂದ ಗೊತ್ತು. ಫಿಲ್ಮು ಚೆನ್ನಾಗಿ ಬರ್ತಿತ್ತು. ನಾನು ಕೇಳಲಿಲ್ಲ."

ಗೊತ್ತಿತ್ತು. ನಾಲ್ಕು ವರ್ಷ ನನ್ನ ಪೊರಕೆಗೆ ಕಾಲೆತ್ತಿ ಕೊಟ್ಟವನು ಅವನೇ. ಗೊತ್ತಿದ್ದೂ ಕಾಲೆತ್ತಿದ್ದ. ಮೇಸ್ತ್ರಿಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಆ ಸಭ್ಯ ಹೆಬ್ಬೆರಳಿನ ಮೇಲೆ ಬಂತು. ಅವನು ಪುಸ್ತಕ ಮುಚ್ಚಿ ತನ್ನ ಕಾರಿನ ಕಡೆ ಹೋದ.

ಮ್ಯಾನೇಜರ್ ತನ್ನ ಕೋಣೆಗೆ ಕರೆಸಿದ. ಮೇಜಿನ ಮೇಲೆ ಒಂದು ಕಾಗದ ಸಿದ್ಧವಾಗಿತ್ತು. ಪಕ್ಕದಲ್ಲಿ ಒಂದು ಹೊಸ ಬಿಳಿ ಹೆಲ್ಮೆಟ್ಟು. ಅದರಲ್ಲಿದ್ದದ್ದನ್ನು ಅವನು ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿ ಹೇಳಿದ: ನಾನು ಹೆಲ್ಪರ್. ಮೇಸ್ತ್ರಿ ಮಾಡಿದ ಜಾಯಿಂಟಿನ ಮೇಲೆ ಅಪ್ಪಣೆಯಿಲ್ಲದೆ ಒಂದು ನಂಬರು ಹೊಡೆದೆ. ತಪ್ಪಾಯಿತು.

"ಸಹಿ ಹಾಕು," ಅಂದ ಮ್ಯಾನೇಜರ್. "ಯಾರೂ ನಿನ್ನ ಕೆಲಸ ತೆಗೆಯಲ್ಲ. ಹಿರಿಯ ಹೆಲ್ಪರ್ ಮಾಡ್ತೀವಿ. ಬಿಳಿ ಹೆಲ್ಮೆಟ್ಟೂ ಹಾಕ್ಕೋಬಹುದು."

"ಹಾಕದಿದ್ದರೆ?"

"ಜಾಯಿಂಟು ಕತ್ತರಿಸಬೇಕಾಗುತ್ತೆ. ನಮ್ಮ ಪಟ್ಟಿಯಲ್ಲಿ ನಲವತ್ತೊಂದು ಇಲ್ಲ."

"ಫಿಲ್ಮು ನೋಡಿದಿರಾ?"

"ಫಿಲ್ಮಿನ ಮಾತಲ್ಲ ಇದು."

ನಾನು ಪೆನ್ನು ತೆಗೆದುಕೊಂಡೆ. ಹೆಲ್ಪರ್ ಅನ್ನುವುದನ್ನು ಹೊಡೆದುಹಾಕಿದೆ. ಮೇಲೆ ವೆಲ್ಡರ್ ಅಂತ ಬರೆದೆ. ಮೇಸ್ತ್ರಿ ಮಾಡಿದ ಅನ್ನುವುದನ್ನು ಹೊಡೆದುಹಾಕಿದೆ, ನಾನು ಮಾಡಿದ ಅಂತ ಬರೆದೆ. ತಪ್ಪಾಯಿತು ಅನ್ನುವುದರ ಮೇಲೆ ಪೆನ್ನು ಕಾಗದ ಹರಿಯುವಷ್ಟು ಒತ್ತಿ ಗೀಟು ಎಳೆದೆ. ಕೆಳಗೆ ಸಹಿ ಹಾಕಿದೆ.

"ಈಗ ಸರಿಯಾಯ್ತು," ಅಂದೆ. ಬಿಳಿ ಹೆಲ್ಮೆಟ್ಟು ಅಲ್ಲೇ ಇತ್ತು. ನನ್ನ ಹಳದಿಯದನ್ನೂ ತೆಗೆದು ಅದರ ಪಕ್ಕ ಇಟ್ಟೆ.

ಹೊರಗೆ ಬರುವಷ್ಟರಲ್ಲಿ ಡಾಕ್ಟ್ರಿಗೆ ಹುಕುಂ ಹೋಗಿತ್ತು. ಗ್ರೈಂಡರ್ ತೆಗೆದುಕೊಂಡು ಹೋಗಿ ಜಾಯಿಂಟು ಕತ್ತರಿಸು. ಅವನು ಏಣಿ ಹತ್ತಿದ. ಹತ್ತಿರದಿಂದ ನೋಡಿದ. ಇಳಿದು ಬಂದು ಗ್ರೈಂಡರನ್ನು ನೆಲದ ಮೇಲಿಟ್ಟ.

"ಹುಳುಕಿಲ್ಲದ ಹಲ್ಲು ನಾನು ಕೀಳಲ್ಲ," ಅಂದ.

ಯಾರೂ ನಗಲಿಲ್ಲ. ಅವನನ್ನೂ ಗೇಟಿನ ಹೊರಗೆ ಹಾಕಿದರು. ಇನ್ನೊಬ್ಬ ಕತ್ತರಿಸಿದ. ಕಬ್ಬಿಣ ಕಿರುಚುವುದು ಬಸ್ ಸ್ಟಾಪಿನವರೆಗೂ ಕೇಳಿಸುತ್ತಿತ್ತು. ಡಾಕ್ಟ್ರೂ ನಾನೂ ಬಸ್ಸಿಗೆ ಕಾಯುತ್ತ ಅದನ್ನು ಕೇಳಿಸಿಕೊಂಡೆವು.

ಬುಧವಾರ ಹಬೆ ಏರಲಿಲ್ಲ. ಗುರುವಾರವೂ ಇಲ್ಲ. ಬೇರೆ ಊರಿನಿಂದ ಬಂದ ಇಬ್ಬರು ಬಿಳಿ ಹೆಲ್ಮೆಟ್ಟಿನವರು ಆ ಮೂಲೆಯಲ್ಲಿ ಎರಡು ಸಲ ಸೋತರು ಅಂತ ಸುದ್ದಿ ಬಂತು.

ಇಪ್ಪತ್ತೊಂಬತ್ತನೇ ತಾರೀಕು ಬೆಳಿಗ್ಗೆ ಮೇಸ್ತ್ರಿ ಮನೆಗೆ ಬಂದ. ನಾನು ಮಗಳ ಯೂನಿಫಾರ್ಮು ಹಿಂಡುತ್ತಿದ್ದೆ. ಅವನು ಚಪ್ಪಲಿ ಬಿಟ್ಟು ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತ. ಮುದುಕನಾಗಿಬಿಟ್ಟಿದ್ದ.

"ಬಾ ತಂಗಿ. ಆ ಒಂದು ಜಾಯಿಂಟು ಮಾಡಿಕೊಡು. ನನ್ನ ಕೈಲೇ ಮಾಡಿಸ್ತೀನಿ ಅಂತಾನೆ ಮ್ಯಾನೇಜರ್. ನನ್ನ ಕೈ ನಿನಗೆ ಗೊತ್ತಲ್ಲ."

"ಮೊದಲು ಕಾಗದ ಬರಿ ಮೇಸ್ತ್ರಿ."

ಅಣ್ಣ ಅನ್ನಲಿಲ್ಲ ಅಂತ ಅವನಿಗೆ ತಿಳಿಯಿತು.

"ಕೊಡು. ಬರೀತೀನಿ."

ಮಗಳು ತನ್ನ ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟಳು, ಪೆನ್ನು ಕೊಟ್ಟಳು. ಅವನು ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಅವರ ಭಾಷೆಯಲ್ಲಿ ಬರೆದ. ಬಹಳ ಹೊತ್ತು ಹಿಡಿಯಿತು. ಬರೆದು ನನ್ನ ಕಡೆ ತಳ್ಳಿದ. ನಾನು ಮಗಳ ಕಡೆ ತಳ್ಳಿದೆ.

ಅವಳು ಓದಿದಳು. ಮತ್ತೆ ಓದಿದಳು.

"ಅಮ್ಮ, 'ಈಕೆ ಎಂಟು ವರ್ಷ ನನ್ನ ಕೆಲಸದಲ್ಲಿ ನನಗೆ ಚೆನ್ನಾಗಿ ಸಹಾಯ ಮಾಡಿದ್ದಾಳೆ' ಅಂತ ಬರೆದಿದಾರೆ."

"ಅಷ್ಟೇನಾ?"

"ಅಷ್ಟೇ. ಕೆಳಗೆ ಸಹಿ."

ಮೇಸ್ತ್ರಿ ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಿದ್ದ.

"ಇನ್ನೊಂದು ಸಾಲು ಬರಿ," ಅಂದೆ. "ಜಾಯಿಂಟು ಇವಳದು, ನಂಬರು ನನ್ನದು ಅಂತ ಬರಿ. ಒಂದೇ ಸಾಲು. ನಾನು ಈಗಲೇ ಚಪ್ಪಲಿ ಮೆಟ್ಟಿಕೊಂಡು ನಿನ್ನ ಜೊತೆ ಹೊರಡ್ತೀನಿ."

ಅವನು ಪೆನ್ನು ಎತ್ತಿಕೊಂಡ. ಮೊನೆ ಹಾಳೆಗೆ ತಾಗಿತು. ಒಂದು ಚುಕ್ಕೆ ಬಿತ್ತು. ಚುಕ್ಕೆ ದೊಡ್ಡದಾಗುತ್ತ ಹೋಯಿತು.

"ಆಗಲ್ಲ ತಂಗಿ," ಅಂದ. "ಮೂವತ್ಮೂರು ವರ್ಷದಲ್ಲಿ ನನಗೆ ಉಳಿದಿರೋದು ಆ ನಂಬರು ಒಂದೇ."

"ನನ್ನದು ಎಂಟು ವರ್ಷ. ಅದರ ಮೇಲೆ ಹೊಡೆದಿರೋದೂ ಅದೇ ನಂಬರು."

ಮಗಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು. ಅವನ ಅಂಗಿ ಜೇಬಿಗೆ ತಾನೇ ಇಟ್ಟಳು.

"ಇದು ನಮಗೆ ಬೇಡ ಮಾಮ," ಅಂದಳು.

ಅವನು ಎದ್ದ. ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹುಡುಕಿದ. ಒಂದು ಸಿಕ್ಕಿತು, ಇನ್ನೊಂದು ಕಾಣಲಿಲ್ಲ, ಕಾಲ ಪಕ್ಕದಲ್ಲೇ ಇತ್ತು. ನಾನು ಎತ್ತಿಕೊಡಲಿಲ್ಲ.

ಮೂವತ್ತನೇ ತಾರೀಕು ಸಂಜೆ ಐದಕ್ಕೆ ಮಂಡಳಿಯ ಕೌಂಟರು ಮುಚ್ಚಿತು. ಆ ಪೈಪಿನ ಮೂಲೆಗೆ ನಾನು ಹೋಗಲಿಲ್ಲ. ಮೇಸ್ತ್ರಿ ಕೊಟ್ಟ ಮಾತಿಗೆ ತಪ್ಪಿದ.